ಗೇಟಿನಿಂದ ಜಗಲಿವರೆಗೆ 60 ಅಡಿ

ಬೆಳಿಗ್ಗೆ ಹತ್ತರ ಸ್ಟ್ಯಾಂಡ್‌ಅಪ್ ಮೀಟಿಂಗ್ ನಡೀತಾ ಇತ್ತು. ನನ್ನ ಸರದಿಗೆ ಇನ್ನು ಇಬ್ಬರಿದ್ದರು. ಅಷ್ಟರಲ್ಲಿ ಅಪ್ಪಯ್ಯನ ಫೋನು. ಕೆಲಸದ ಹೊತ್ತಲ್ಲಿ ಫೋನ್ ಮಾಡೋರಲ್ಲ ಅವರು. ಮೈಕ್ ಮ್ಯೂಟ್ ಮಾಡಿ ಎತ್ತಿದೆ.

"ಗಾಬ್ರಿ ಆಗಬ್ಯಾಡ. ಅಮ್ಮ ಜಾರಿ ಬಿದ್ದಿದಾಳೆ. ಕೈ ಊದಿದೆ. ಆಸ್ಪತ್ರೆಗೆ ಹೊರಟ್ವಿ."

"ಎಲ್ಲಿ ಬಿದ್ದಿದ್ದು? ಬಚ್ಚಲಲ್ಲಾ?"

ಆ ಕಡೆ ಸ್ವಲ್ಪ ಹೊತ್ತು ಬರೀ ಮಳೆ ಸದ್ದು. ಆಮೇಲೆ ಹೇಳಿದರು: "ಅಲ್ಲ. ನಿನ್ನ ದಾರೀಲಿ."

ಬೈಯುವ ದನಿ ಅಲ್ಲ ಅದು. ಮನೇಲಿ ಎಲ್ಲರೂ ಅದನ್ನು ಹಾಗೇ ಕರೆಯೋದು. ಕೊಟ್ಟಿಗೆ ದಾರಿ, ತೋಟದ ದಾರಿ, ಮಾಣಿ ದಾರಿ. ಗೇಟಿನಿಂದ ಜಗಲಿವರೆಗಿನ ಆ 60 ಅಡಿಯನ್ನು ಮಾಡಿಸಿದ್ದು ನಾನು, ನನ್ನ ದುಡ್ಡಲ್ಲಿ, ನನ್ನ ಹಟದಲ್ಲಿ. ಆದ್ರೂ ಆ ಮಾತು ಆವತ್ತು ಬೆಂಗಳೂರಿಂದ ಊರಿಗೆ ಹೋಗೋ ಆರು ಗಂಟೆ ಬಸ್ಸಿನಲ್ಲಿ ಕಿವಿಯಲ್ಲೇ ಕೂತಿತ್ತು.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಒಳಗೆ ಸಿಗೋ ಒಂದು ಹಳ್ಳಿಯಲ್ಲಿದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದ್ರೆ ಬಟ್ಟೆ ಒಣಗಿಸೋಕೆ ಹೊಗೆ ಗೂಡು ಬೇಕಾಗುವಷ್ಟಂತೂ ಇದೆ. ಮಲೆನಾಡಿನ ತುಂಬಾ ಮನೆಗಳ ಹಾಗೆ ನಮ್ಮದೂ ರಸ್ತೆಗಿಂತ ತಗ್ಗಿನಲ್ಲಿದೆ. ಗೇಟಿನಿಂದ ಅಂಗಳಕ್ಕೆ ಇಳಿಯುವಷ್ಟರಲ್ಲಿ ಏಳು ಅಡಿ ಕೆಳಗೆ ಬಂದಿರುತ್ತೀರಿ. ಮೊದಲು ಅದು ಬರೀ ಕೆಂಪು ಮಣ್ಣಿನ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ರಸ್ತೆಯಲ್ಲೇ ಇರಬೇಕು. ಇಳಿಸಿದರೆ ಹತ್ತಿಸೋಕೆ ನಾಲ್ಕು ಜನ ಬೇಕು.

ಐದು ವರ್ಷದ ಹಿಂದಿನ ಜುಲೈನಲ್ಲಿ ಒಂದು ರಾತ್ರಿ ಅಜ್ಜಿಗೆ ಉಸಿರು ಸಿಕ್ಕಲಿಲ್ಲ. ಆಂಬ್ಯುಲೆನ್ಸ್ ಗೇಟಿನ ತನಕ ಬಂತು, ಕೆಳಗಿಳಿಯಲಿಲ್ಲ. ಡ್ರೈವರ್‌ದು ತಪ್ಪಲ್ಲ, ಟಾರ್ಚ್ ಬಿಟ್ಟು ನೋಡಿದರೆ ದಾರಿ ಅನ್ನೋದು ಗದ್ದೆ ಹಾಗಿತ್ತು. ನಾನು, ಅಪ್ಪಯ್ಯ, ಪಕ್ಕದ ಮನೆಯವರು ಸೇರಿ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತೆವು. ಅರ್ಧ ದಾರಿಯಲ್ಲಿ ನನ್ನ ಕಾಲು ಜಾರಿ ಕುರ್ಚಿ ವಾಲಿತು. ಎದೆ ಧಸಕ್ಕಂತು. ಅಜ್ಜಿ ಬದುಕಿದರು, ಮುಂದೆ ಒಂದೂವರೆ ವರ್ಷ ಇದ್ದರು. ಆ ರಾತ್ರಿಯನ್ನು ನೆನೆಸಿಕೊಂಡು "ನನ್ನ ಮದುವೇಲೂ ಇಂಥಾ ಮೆರವಣಿಗೆ ಆಗಿರ್ಲಿಲ್ಲ ಮಾರಾಯ" ಅಂತ ನಗ್ತಾ ಇದ್ದರು. ನಂಗೆ ನಗು ಬರ್ತಿರಲಿಲ್ಲ. ಬೋನಸ್ ಬಂದ ಕೂಡಲೇ ಮೊದಲ ಕೆಲಸ ದಾರಿ ಅಂತ ತೀರ್ಮಾನಿಸಿದೆ.

ಓದಿದ್ದು ಇಂಜಿನಿಯರಿಂಗೇ, ಆದ್ರೆ ಸಿವಿಲ್ ಅಲ್ಲ. ಮೊದಲ ವರ್ಷ ಎಲ್ಲರಿಗೂ ಇದ್ದ ಆ ಒಂದು ಸಿವಿಲ್ ಪೇಪರನ್ನು ಹೇಗೋ ಪಾಸ್ ಮಾಡಿಕೊಂಡವನು ನಾನು. ಆದರೂ ಎಕ್ಸೆಲ್ ಶೀಟ್ ಮಾಡೋಕೆ ಯಾರ ಅಪ್ಪಣೆ ಬೇಕು? ಕಾಂಕ್ರೀಟ್, ಡಾಂಬರು, ಚಪ್ಪಡಿ ಕಲ್ಲು, ಪೇವರ್ ಬ್ಲಾಕ್ ಅಂತ ಕಾಲಂ ಹಾಕಿದೆ. ಚದರ ಅಡಿಗೆ ಎಷ್ಟು, ಎಷ್ಟು ದಿನದ ಕೆಲಸ, ಎಷ್ಟು ವರ್ಷ ಬಾಳಿಕೆ. ಈಗ ತೆರೆದು ನೋಡಿದರೆ ಆ ಶೀಟಲ್ಲಿ 'ಮಳೆ' ಅನ್ನೋ ಕಾಲಂ ಇಲ್ಲವೇ ಇಲ್ಲ.

ಡಾಂಬರು 60 ಅಡಿಗೆ ಯಾರೂ ಬರಲ್ಲ ಅಂದರು. ಚಪ್ಪಡಿ ದುಬಾರಿಯಾಯ್ತು. ಕೊನೆಗೆ ಆರಿಸಿದ್ದು ಪೇವರ್ ಬ್ಲಾಕ್, ನಾವೆಲ್ಲ ಇಂಟರ್‌ಲಾಕ್ ಅಂತೀವಲ್ಲ, ಅದೇ. ಬೆಂಗಳೂರಲ್ಲಿ ನಾನಿದ್ದ ಲೇಔಟಿನಲ್ಲಿ ಮನೆಮನೆ ಮುಂದೆ ಇತ್ತು. ಅದರಲ್ಲೂ ರಬ್ಬರ್ ಮೋಲ್ಡಲ್ಲಿ ಮಾಡಿದ, ಕೆಂಪು-ಬೂದು ಬಣ್ಣದ, ಮೇಲ್ಮೈ ಕನ್ನಡಿ ಥರ ಹೊಳೆಯುವ ಜಾತಿ. ಕಾರು ಓಡಾಡೋ ಜಾಗಕ್ಕೆ 60 ಮಿಲಿಮೀಟರ್ ದಪ್ಪದ್ದು ಹಾಕ್ತಾರೆ, ಭಾರದ ಗಾಡಿ ಬರೋದಾದ್ರೆ 80. ಅಷ್ಟು ಮಾತ್ರ ತಿಳ್ಕೊಂಡು ದೊಡ್ಡ ತಜ್ಞನಾಗಿದ್ದೆ.

ಸ್ಯಾಂಪಲ್ ಒಂದನ್ನು ಊರಿಗೆ ತಂದು ಜಗಲಿ ಮೇಲಿಟ್ಟೆ. ಅಪ್ಪಯ್ಯ ಅದರ ಮೇಲೆ ಕೈ ಆಡಿಸಿ, ಚೆಂಬಿನಿಂದ ಸ್ವಲ್ಪ ನೀರು ಹಾಕಿ, ಹೆಬ್ಬೆರಳಲ್ಲಿ ತಿಕ್ಕಿ ನೋಡಿದರು.

"ಇದು ಬಯಲುಸೀಮೆ ಸಾಮಾನು ಮಾರಾಯ. ನಮ್ಮಲ್ಲಿ ಹಾವಸೆ ಕಟ್ಟತ್ತೆ."

"ಎಲ್ಲಾ ಕಡೆ ಹಾಕ್ತಾರೆ ಅಪ್ಪಯ್ಯ. ತೊಳೆದ್ರೆ ಆಯ್ತು."

ಅವರು ಮತ್ತೆ ಮಾತಾಡಲಿಲ್ಲ. ಅಪ್ಪಯ್ಯ ಒಂದು ಸಲ ಹೇಳ್ತಾರೆ, ಅಷ್ಟೇ.

ಏಪ್ರಿಲ್‌ನಲ್ಲಿ ಕೆಲಸ ಮುಗೀತು. ನಾಲ್ಕು ದಿನದಲ್ಲಿ. ಅಷ್ಟು ಬೇಗ ಮುಗಿದಾಗಲೇ ಅನುಮಾನ ಬರಬೇಕಿತ್ತು. ಮಣ್ಣನ್ನು ಮಟ್ಟ ಮಾಡಿ, ಜಲ್ಲಿಪುಡಿ ಹರಡಿ, ಮೇಲೆ ಬ್ಲಾಕ್ ಜೋಡಿಸಿ ಹೋದರು. ಕೆಳಗೆ ಗಟ್ಟಿ ಬುನಾದಿ ಇಲ್ಲ, ಎರಡು ಅಂಚಿಗೆ ಕಟ್ಟೆ ಇಲ್ಲ. ಇಳಿಜಾರಿನಲ್ಲಿ ಪೇವರ್ ಹಾಕುವಾಗ ತಗ್ಗಿನ ತುದಿಗೆ ಅಡ್ಡಲಾಗಿ ಒಂದು ಕಾಂಕ್ರೀಟ್ ತೊಲೆ ಬೇಕೇಬೇಕು, ಇಲ್ಲದಿದ್ದರೆ ಬ್ಲಾಕುಗಳು ವರ್ಷಾವರ್ಷ ಒಂದನ್ನೊಂದು ತಳ್ಳುತ್ತಾ ಕೆಳಗೆ ಸರೀತಾವೆ. ಇದೆಲ್ಲ ನಂಗೆ ಗೊತ್ತಾಗಿದ್ದು ಸರಿದ ಮೇಲೆ. ಆವತ್ತು ಮಾತ್ರ ಗೃಹಪ್ರವೇಶದ ಸಂಭ್ರಮ. ಅಜ್ಜಿಯನ್ನು ಅದೇ ಪ್ಲಾಸ್ಟಿಕ್ ಕುರ್ಚಿ ಹಾಕಿ ದಾರಿ ಮಧ್ಯೆ ಕೂರಿಸಿ ಫೋಟೋ ತೆಗೆದೆ. ಫ್ಯಾಮಿಲಿ ಗ್ರೂಪಲ್ಲಿ ಎಷ್ಟೊಂದು ಹಾರ್ಟ್ ಬಂದವು.

ಆ ಮಳೆಗಾಲ ಜುಲೈ ಮೂರನೇ ವಾರದ ಹೊತ್ತಿಗೆ ಬಣ್ಣ ಹಸಿರಾಯ್ತು. ಮೇಲಿರೋ ಹಲಸಿನ ಮರದ ನೆರಳು, ಬಿಸಿಲಿಲ್ಲದ ಎರಡು ತಿಂಗಳು, ನೀರು ಹೀರದ ನುಣುಪು ಮೇಲ್ಮೈ. ಹಾವಸೆಗೆ ಇನ್ನೇನು ಬೇಕು? ಗಣೇಶನ ಹಬ್ಬಕ್ಕೆ ಬಂದವನು ಆನ್‌ಲೈನಲ್ಲಿ ಒಂದು ಪ್ರೆಶರ್ ವಾಷರ್ ತರಿಸಿ ಇಡೀ ದಾರಿ ತೊಳೆದೆ. ಹೊಸದಾಗಿ ಹೊಳೀತು. ವಿಡಿಯೋ ಕೂಡ ಮಾಡಿದೆ. ಆದರೆ ಪೇವರ್ ಬ್ಲಾಕುಗಳನ್ನು ಹಿಡಿದಿಡೋದು ಅವುಗಳ ಸಂದಿಯಲ್ಲಿರೋ ಸಣ್ಣ ಮರಳು. ನೀರಿನ ರಭಸಕ್ಕೆ ಆ ಮರಳೆಲ್ಲ ಎದ್ದು ಚರಂಡಿ ಸೇರಿತ್ತು. ಮುಂದಿನ ಬೇಸಿಗೆಗೆ ಬ್ಲಾಕುಗಳು ಹಲ್ಲಿನ ಹಾಗೆ ಅಲ್ಲಾಡೋಕೆ ಶುರು.

ಅಮ್ಮ ಬಿದ್ದದ್ದು ಎರಡನೇ ಮಳೆಗಾಲ. ಬಸ್ಸಿಳಿದು, ಮಬ್ಬುಗತ್ತಲಲ್ಲಿ ಗೇಟು ತೆಗೆದು ನಿಂತಾಗ ಇದುವರೆಗೆ ಗಮನಿಸದ ಒಂದು ವಿಷಯ ಕಂಡಿತು. ನನ್ನ ದಾರಿಯ ಎಡಕ್ಕೆ, ಬೇಲಿ ಬುಡದಲ್ಲಿ, ಇನ್ನೊಂದು ದಾರಿ. ಒಂದೂವರೆ ಅಡಿ ಅಗಲ. ಉದ್ದಕ್ಕೂ ಅಡಿಕೆ ಸೋಗೆ ಹಾಸಿತ್ತು. ನಡೆದು ನಡೆದು ಸೋಗೆ ಮಣ್ಣಿಗೆ ಒತ್ತಿ ಹೋಗಿತ್ತು. ಹಳೇ ಸೋಗೆ ಮೇಲೆ ಹೊಸ ಸೋಗೆ. ಒಂದು ದಿನದ್ದಲ್ಲ ಅದು. ಮೊದಲ ಮಳೆಗಾಲದಿಂದಲೇ ಮನೆಯವರು ಯಾರೂ ನನ್ನ ದಾರಿಯಲ್ಲಿ ಕಾಲಿಡುತ್ತಿರಲಿಲ್ಲ. ನಾನು ಬರುವಾಗ ಕಾರಲ್ಲಿ ಬಂದು ಸೀದಾ ಅಂಗಳಕ್ಕೆ ಇಳಿಯುತ್ತಿದ್ದೆ, ಹಾಗಾಗಿ ನೋಡಿರಲೇ ಇಲ್ಲ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ ಯೂಸರ್‌ಗಳು ವರ್ಕ್‌ಅರೌಂಡ್ ಹುಡುಕಿಕೊಂಡಿದ್ದರು, ಬಗ್ ಮಾತ್ರ ಯಾರೂ ರಿಪೋರ್ಟ್ ಮಾಡಿರಲಿಲ್ಲ.

ಹಾಗಾದರೆ ಅಮ್ಮ ಅಲ್ಲಿ ಯಾಕೆ ಹೋದಳು? ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. ಎಡಗೈಯಲ್ಲಿ ಚಮಚ ಹಿಡಿದು ತಿನ್ನೋಕೆ ಒದ್ದಾಡ್ತಿದ್ದಳು. ಬಲ ಮುಂಗೈ ಮೂಳೆ ಮುರಿದು ಆರು ವಾರದ ಪ್ಲಾಸ್ಟರ್.

"ಶನಿವಾರ ನಿನ್ನ ಫ್ರೆಂಡ್ಸ್ ಬರ್ತಾರೆ ಅಂದಿದ್ಯಲ್ಲ. ಗೇಟಿಂದ ಬರೋವಾಗ ಚೆಂದ ಕಾಣ್ಲಿ ಅಂತ ಉಜ್ತಾ ಇದ್ದೆ."

ಅಪ್ಪಯ್ಯ ತಟ್ಟೆ ನೋಡುತ್ತಾ ಕೂತಿದ್ದರು. ನಾನೂ ಅಷ್ಟೇ.

ಆ ಒಂದು ತಿಂಗಳು ಮನೆಯಿಂದಲೇ ಕೆಲಸ ಮಾಡಿದೆ. ಬೆಳಿಗ್ಗೆ ಪಾತ್ರೆ, ಆಮೇಲೆ ಮೀಟಿಂಗು, ಕರೆಂಟು ಹೋದರೆ ಮಾತುಕತೆ. ಒಂದು ದಿನ ಜೋರು ಮಳೆ ಬರುವಾಗ ಅಪ್ಪಯ್ಯ ಕಂಬಳಿಕೊಪ್ಪೆ ಹಾಕ್ಕೊಂಡು ಹೊರಟವರು, "ಬಾ, ನೀರು ನೋಡು ಬಾ" ಅಂತ ಕರೆದರು. ಗೇಟಿನ ಹತ್ತಿರ ನಿಂತು ತೋರಿಸಿದರು. ರಸ್ತೆ ನೀರೂ ಸೇರಿ ನನ್ನ ದಾರಿ ಮೇಲೆ ಹಾಳೆಯ ಹಾಗೆ ಹರಿದು, ಸೀದಾ ಜಗಲಿ ಮೆಟ್ಟಿಲಿಗೆ ಬಡೀತಿತ್ತು. ಹಳೇ ಮಣ್ಣುದಾರಿಯಲ್ಲಿ ಹದಿನೈದು ಅಡಿಗೊಂದು ಓರೆಯಾಗಿ ಸಣ್ಣ ದಿಬ್ಬ ಇತ್ತು. ಬಾಲ್ಯದಲ್ಲಿ ಸೈಕಲ್ ಹಾರಿಸೋಕೆ ಇದೆ ಅಂದ್ಕೊಂಡಿದ್ದೆ. ಆ ದಿಬ್ಬಗಳು ನೀರನ್ನು ತಡೆದು ಪಕ್ಕದ ಚರಂಡಿಗೆ ತಿರುಗಿಸುತ್ತಿದ್ದವು. ಅವನ್ನೆಲ್ಲ ಮಟ್ಟ ಮಾಡಿಸಿದ್ದು ನಾನೇ.

"ದಾರಿ ಮಾಡೋದು ಅಂದ್ರೆ ಮೊದ್ಲು ನೀರಿಗೆ ದಾರಿ ಮಾಡೋದು" ಅಂದರು ಅಪ್ಪಯ್ಯ. ಇದನ್ನು ಎರಡು ವರ್ಷದ ಹಿಂದೆ ಯಾಕೆ ಹೇಳಲಿಲ್ಲ ಅಂತ ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ. "ನೀ ಕೇಳಿದ್ರೆ ಹೇಳ್ತಿದ್ದೆ. ನೀ ತೋರಿಸೋಕೆ ಬಂದಿದ್ದೆ, ಕೇಳೋಕಲ್ಲ."

ಮಳೆ ನಿಂತು ಅಡಿಕೆ ಕೊಯ್ಲಿನ ಗಡಿಬಿಡಿ ನಡುವೆ, ಡಿಸೆಂಬರ್‌ನಲ್ಲಿ ಎಲ್ಲ ಕಿತ್ತೆವು. ಈ ಸಲ ಊರಿನ ಮೇಸ್ತ್ರಿಯನ್ನೇ ಹಿಡಿದೆವು. ನಂಗೆ ಮನಸ್ಸಲ್ಲಿ ಚಿರೆಕಲ್ಲಿನ ಆಸೆ ಇತ್ತು. ನಮ್ಮ ನೆಲದ್ದೇ ಕಲ್ಲು, ಕೆಂಪು ಬಣ್ಣ, ಫೋಟೋಗೂ ಚೆಂದ. ಬುಕಾನನ್ ಅನ್ನೋ ಬ್ರಿಟಿಷ್ ಅಧಿಕಾರಿ 1800ರ ಸುಮಾರಿಗೆ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬರೆದ ಪುಸ್ತಕದಲ್ಲೇ ಈ ಕಲ್ಲಿಗೆ ಲ್ಯಾಟರೈಟ್ ಅನ್ನೋ ಹೆಸರು ಸಿಕ್ಕಿದ್ದು. ನೆಲದಲ್ಲಿರುವಾಗ ಕತ್ತಿಯಲ್ಲಿ ಕೊಯ್ಯುವಷ್ಟು ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಇದನ್ನೆಲ್ಲ ಮೇಸ್ತ್ರಿಗೆ ವಿವರಿಸಿದೆ. ಅವರು ಬೀಡಿ ಆರಿಸಿ, "ಗೋಡೆಗೆ ಸೈ ಗೌಡ್ರೆ. ನಮ್ಮಲ್ಲಿ ಸಿಗೋ ಕಲ್ಲು ಗಾಡಿ ಚಕ್ರಕ್ಕೆ ನಾಕು ವರ್ಷಕ್ಕೆ ಗುಳಿ ಬೀಳತ್ತೆ" ಅಂದರು. ಬುಕಾನನ್ ಅಲ್ಲಿಗೆ ಮುಗಿದ.

ಕೊನೆಗೆ ಮಾಡಿದ್ದು ತೀರಾ ಸಾದಾ ಕೆಲಸ. ಇಡೀ ಅಗಲ ಮುಚ್ಚೋದೇ ಬೇಡ, ಚಕ್ರ ಓಡೋ ಕಡೆ ಮಾತ್ರ ಎರಡು ಕಾಂಕ್ರೀಟ್ ಪಟ್ಟಿ. ನಮ್ಮ ಕಾರಿನ ಎರಡು ಚಕ್ರದ ನಡುವಿನಿಂದ ನಡುವಿಗೆ ಅಳೆದರೆ ಐದಡಿಗೆ ಸ್ವಲ್ಪ ಕಮ್ಮಿ. ಹಾಗಾಗಿ ಎರಡೂವರೆ ಅಡಿಯ ಒಂದೊಂದು ಪಟ್ಟಿ, ನಡುವೆ ಎರಡೂವರೆ ಅಡಿ ಹುಲ್ಲು. ಐದಿಂಚು ದಪ್ಪ. ಲೆಕ್ಕ ಹಾಕಿದರೆ 125 ಘನ ಅಡಿ ಕಾಂಕ್ರೀಟ್, ಮೂವತ್ತು ಚೀಲದ ಒಳಗೆ ಸಿಮೆಂಟು. ಸಿಮೆಂಟ್ ಒಂದಕ್ಕೆ ಎಂ ಸ್ಯಾಂಡ್ ಒಂದೂವರೆ, ಜಲ್ಲಿ ಮೂರು. ಕೆಳಗೆ ಕಾಡುಕಲ್ಲಿನ ಸೋಲಿಂಗ್, ಅದರ ಮೇಲೆ ಜಲ್ಲಿ ಹಾಕಿ ದಮ್ಮಸು. ಈ ದಮ್ಮಸಿನ ಕೆಲಸಕ್ಕೇ ಮೂರು ದಿನ ಹಿಡೀತು, ನಂಗೆ ಬೇಜಾರಾಗಲಿಲ್ಲ.

ಕಾಂಕ್ರೀಟಿಗೆ ನೀರು ಜಾಸ್ತಿ ಹಾಕಿದರೆ ಹರಡೋಕೆ ಸುಲಭ, ಆದರೆ ಗಟ್ಟಿತನ ಹೋಗತ್ತೆ. ಮಧ್ಯಾಹ್ನ ಸುಸ್ತಾದಾಗ ಹುಡುಗರು ಒಂದು ಕೊಡ ಹೆಚ್ಚು ಹಾಕೋಕೆ ನೋಡ್ತಾರೆ. ಅಲ್ಲಿ ನಿಂತು ಕಾಯೋದು ನನ್ನ ಕೆಲಸವಾಗಿತ್ತು, ಲ್ಯಾಪ್‌ಟಾಪನ್ನು ಹಲಸಿನ ಕಟ್ಟೆ ಮೇಲಿಟ್ಟುಕೊಂಡು. ಎಂಟು ಅಡಿಗೊಂದು ಅಡ್ಡ ಸಂದಿ ಬಿಟ್ಟೆವು. ಕಾಂಕ್ರೀಟ್ ಒಣಗುವಾಗ ಕುಗ್ಗಿ ಎಲ್ಲೋ ಒಂದು ಕಡೆ ಬಿರುಕು ಬಿಟ್ಟೇ ಬಿಡತ್ತೆ, ಎಲ್ಲಿ ಬಿಡಬೇಕು ಅಂತ ನಾವೇ ಹೇಳೋದು ವಾಸಿ. ಮತ್ತೆ ಅಪ್ಪಯ್ಯನ ದಿಬ್ಬಗಳು ವಾಪಸ್ ಬಂದವು, ಈ ಸಲ ದಿಬ್ಬವಾಗಿ ಅಲ್ಲ, ಓರೆಯಾದ ತಗ್ಗು ಕಾಲುವೆಯಾಗಿ. ಗೇಟಿನ ಬುಡದಲ್ಲಿ ಒಂದು, ಮಧ್ಯೆ ಎರಡು, ಅಂಗಳಕ್ಕೆ ಸೇರೋ ಮೊದಲು ಕಬ್ಬಿಣದ ಜಾಲರಿ ಹಾಕಿದ ಚರಂಡಿ ಒಂದು.

ಮೇಲ್ಮೈ ಗಟ್ಟಿಯಾಗುವ ಮುಂಚೆ ಮೇಸ್ತ್ರಿ ಕರಣೆ ಹಿಡಿದು ನುಣ್ಣಗೆ ಮಾಡೋಕೆ ಹೊರಟರು. ಅದು ಅವರ ಕೈಯ ಅಭ್ಯಾಸ, ನುಣುಪು ಬಂದರೇ ಒಳ್ಳೆ ಕೆಲಸ. ಪ್ಲಾಸ್ಟರ್ ತೆಗೆಸಿದ್ದ ಕೈಯಲ್ಲಿ ಚಹಾ ತಂದಿದ್ದ ಅಮ್ಮ, "ಬೇಡ, ಹಂಗೇ ಇರ್ಲಿ" ಅಂದು ಒಳಗಿಂದ ಹೊಸ ಕಡ್ಡಿ ಪೊರಕೆ ತಂದು ಕೊಟ್ಟಳು. ಹಸಿ ಕಾಂಕ್ರೀಟಿನ ಮೇಲೆ ಇಳಿಜಾರಿಗೆ ಅಡ್ಡಲಾಗಿ ಆ ಪೊರಕೆಯನ್ನು ಎಳೆದರು. ಬಾಚಣಿಗೆ ಗೀರಿನಂಥ ಗೆರೆ ಬಿತ್ತು. ದೊಡ್ಡ ಊರಿನ ಇಂಜಿನಿಯರುಗಳು ಬ್ರೂಮ್ ಫಿನಿಶ್ ಅನ್ನೋದು ಇದಕ್ಕೇ.

ಮೇಲೆ ಒಣಹುಲ್ಲು ಹರಡಿ ದಿನಕ್ಕೆ ಮೂರು ಹೊತ್ತು ನೀರು. ಈಗ ಸಿಗೋ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ನೀರುಣಿಸಬೇಕು ಅಂತ ನಮ್ಮ ದೇಶದ ಕಾಂಕ್ರೀಟ್ ಸಂಹಿತೆ ಐಎಸ್ 456ರಲ್ಲೇ ಇದೆ. ಅಪ್ಪಯ್ಯ ಅದನ್ನೇನೂ ಓದಿದವರಲ್ಲ, 14 ದಿನ ಹಾಕಿದರು. ಹುಲ್ಲು ತಿನ್ನೋಕೆ ಬಂದ ನಮ್ಮ ಗೌರಿ ಒಂದು ಗೊರಸಿನ ಗುರುತು ಬಿಟ್ಟು ಹೋಗಿದ್ದಾಳೆ. ಇವತ್ತಿಗೂ ಇದೆ.

ಕಿತ್ತ ಪೇವರ್‌ಗಳನ್ನು ಏನು ಮಾಡೋದು? ಮೇಸ್ತ್ರಿ ಒಂದನ್ನು ಮಗುಚಿ ಹಾಕಿ ತೋರಿಸಿದರು. ಹೊಳಪು ಮೇಲ್ಭಾಗದಲ್ಲಿ ಮಾತ್ರ, ಅಡಿಭಾಗ ಒರಟು. ಕೊಟ್ಟಿಗೆ ಪಕ್ಕದ ಮಟ್ಟ ಜಾಗದಲ್ಲಿ ಎಲ್ಲವನ್ನೂ ತಲೆಕೆಳಗಾಗಿ ಜೋಡಿಸಿದ್ದೇವೆ. ಪ್ರೆಶರ್ ವಾಷರ್ ಕೂಡ ಕೊಟ್ಟಿಗೆಗೇ ಸೇರಿದೆ. ಗೌರಿಗೆ ಅದರ ಸದ್ದು ಮೊದಮೊದಲು ಆಗ್ತಿರಲಿಲ್ಲ, ಈಗ ಬೆನ್ನು ಕೊಟ್ಟು ನಿಲ್ತಾಳೆ.

ಒರಟು ಮಾಡಿದ ಮಾತ್ರಕ್ಕೆ ಹಾವಸೆ ಬರಲ್ಲ ಅಂತಲ್ಲ, ಬರತ್ತೆ. ನೋಡಿಕೊಳ್ಳಬೇಕು. ಮೇ ಕೊನೆಗೆ ಚರಂಡಿ ಎತ್ತಿ ಹಲಸಿನ ಕೊಂಬೆ ಸವರುತ್ತೇವೆ. ಬಿಸಿಲು ಬೀಳುವ ಜಾಗದಲ್ಲಿ ಅರ್ಧ ಕೆಲಸ ಬಿಸಿಲೇ ಮಾಡತ್ತೆ. ಜುಲೈ, ಆಗಸ್ಟಿನಲ್ಲಿ ಮಳೆ ಒಂದು ದಿನ ಬಿಟ್ಟಾಗ ಬ್ಲೀಚಿಂಗ್ ಪೌಡರ್ ನೀರು ಹಾಕಿ, ಅರ್ಧ ಗಂಟೆ ಬಿಟ್ಟು, ಗಟ್ಟಿ ಪೊರಕೆಯಲ್ಲಿ ಉಜ್ಜಿ ತೊಳೆಯೋದು. ಮಳೆ ಬರುವಾಗ ಹಾಕಿದರೆ ದುಡ್ಡು ಚರಂಡಿಗೆ. ಒಂದು ಎಚ್ಚರಿಕೆ: ಬ್ಲೀಚಿಂಗ್ ಜೊತೆ ಟಾಯ್ಲೆಟ್ ತೊಳೆಯೋ ಆಸಿಡ್ ಸೇರಿಸಬೇಡಿ, ವಿಷದ ಕ್ಲೋರಿನ್ ಗಾಳಿ ಏಳತ್ತೆ. ಕೈಗೆ ಗ್ಲೌಸ್ ಇರಲಿ, ದನಕರುಗಳನ್ನು ಆಚೆ ಕಟ್ಟಿ. ಕಾರಿನ ಆಯಿಲ್ ತೊಟ್ಟಿಕ್ಕಿದ ಕಡೆ ತಕ್ಷಣ ಮರದ ಹುಡಿ ಉದುರಿಸಿ, ಹೀರಿದ ಮೇಲೆ ಗುಡಿಸಿದರೆ ಸಾಕು.

ಮೈಲುತುತ್ತ ಹಾಕೋಣ ಅಂತ ನಾನೊಂದು ಸಲ ಐಡಿಯಾ ಕೊಟ್ಟಿದ್ದೆ. ಕೊಳೆ ರೋಗಕ್ಕೆ ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣ ಹೇಗೂ ಮನೇಲಿ ತಯಾರಾಗತ್ತೆ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ತಾಮ್ರ ಹಾವಸೆಯನ್ನು ಕೊಲ್ಲತ್ತೆ ಅನ್ನೋದೂ ನಿಜ. ಅಪ್ಪಯ್ಯ ಚರಂಡಿ ಎಲ್ಲಿಗೆ ಹೋಗತ್ತೆ ಅಂತ ಕೈ ತೋರಿಸಿದರು. ಅದು ಬಾವಿ ಪಕ್ಕದಿಂದ ಹಾದು ಕೆರೆಗೆ ಹೋಗತ್ತೆ. ಈ ಸಲ ಕೇಳೋಕೆ ಹೋಗಿದ್ದೆ, ಹೇಳಿದರು.

ಇದು ಮೂರನೇ ಮಳೆಗಾಲ. ಒಂದು ಕಡೆ ಸಂದಿ ಬಿಟ್ಟು ಪಕ್ಕದಲ್ಲಿ ಕೂದಲೆಳೆಯ ಬಿರುಕು ಬಂದಿದೆ, ಮೇಸ್ತ್ರಿ ಪರವಾಗಿಲ್ಲ ಅಂದಿದ್ದಾರೆ. ಹೋದ ತಿಂಗಳು ಪಕ್ಕದ ಮನೆಯವರಿಗೆ ಎದೆನೋವು ಬಂದಾಗ ಆಂಬ್ಯುಲೆನ್ಸ್ ನಮ್ಮ ಅಂಗಳಕ್ಕೇ ಇಳಿದು, ಅಲ್ಲಿಂದ ಅವರನ್ನು ಹತ್ತಿಸಿಕೊಂಡು, ಮಳೆಯಲ್ಲೇ ವಾಪಸ್ ಹತ್ತಿ ಹೋಯ್ತಂತೆ. ಅಪ್ಪಯ್ಯ ಫೋನಲ್ಲಿ ಹೇಳಿದರು. ಅವರು ಈಗ ಆರಾಮಿದ್ದಾರೆ.

ಮೊನ್ನೆ ಊರಿಗೆ ಹೋದಾಗ ಅಮ್ಮ ಡೈರಿಗೆ ಹಾಲು ಕೊಡೋಕೆ ಹೊರಟಿದ್ದಳು. ಕೊಡೆ ಒಂದು ಕೈಲಿ, ಕ್ಯಾನು ಇನ್ನೊಂದು ಕೈಲಿ. ಜಗಲಿ ಇಳಿದವಳು ಕಾಂಕ್ರೀಟ್ ಪಟ್ಟಿಯನ್ನು ದಾಟಿ ಬೇಲಿ ಬುಡದ ಸೋಗೆ ದಾರಿಗೇ ಹೋದಳು.

"ಅಮ್ಮಾ, ಈಗ ಜಾರಲ್ಲ. ಇದರ ಮೇಲೆ ಬಾ."

ತಿರುಗಿ ನೋಡಿದಳು. "ಗೊತ್ತು. ಅದು ಗಾಡಿಗೆ ಇರ್ಲಿ. ಕಾಲಿಗೆ ಇದೇ ಹಿತ."

ಆವತ್ತು ಮಧ್ಯಾಹ್ನ ತೋಟದಿಂದ ಬರುವಾಗ ನಾನೂ ಬಿದ್ದ ಸೋಗೆ ನಾಲ್ಕು ಎಳೆದು ತಂದೆ. ಮೇಲಿನ ತಿರುವಲ್ಲಿ ಹಾಸು ಸ್ವಲ್ಪ ತೆಳ್ಳಗಾಗಿತ್ತು.